ಟೇಪು ಹಚ್ಚುವ ಮೊದಲು ಧೂಳು ಒರೆಸಿ

ಕಪ್ಪತಗುಡ್ಡ ಹತ್ತಲು ಹೊರಟವರ ಚೀಲದಲ್ಲಿ ನೀರು, ಬುತ್ತಿ, ಟೋಪಿ ಇದ್ದೇ ಇರುತ್ತವೆ. ದಾರಿಯಲ್ಲಿ ಬೂಟಿನ ಸೋಲ್ ಕಿತ್ತರೆ, ಚೀಲ ಹರಿದರೆ ಹಚ್ಚಲು ಜೊತೆಗೆ ಸ್ವಲ್ಪ ಡಕ್ಟ್ ಟೇಪೂ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹೆಚ್ಚಾಗಿ ಬೂದು ಬಣ್ಣದ ಟೇಪು ಅದು. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪಲ್ಲ, ವೈರಿಗೆ ಸುತ್ತುವ ಕರಿ ಟೇಪೂ ಅಲ್ಲ. ಇಡೀ ಸುರುಳಿ ಹೊರುವುದು ಬೇಡ. ನೀರಿನ ಬಾಟಲಿಗೆ ಹತ್ತಾರು ಸುತ್ತು ಸುತ್ತಿಕೊಂಡರೆ ಸಾಕು.

ಇದರಲ್ಲಿ ಮೂರು ಪದರಗಳಿವೆ. ಮೇಲೆ ಪಾಲಿಥಿನ್, ಹಾಗಾಗಿ ನೀರು ಇಳಿಯುವುದಿಲ್ಲ. ನಡುವೆ ನೂಲಿನ ಜಾಲರಿ. ಉದ್ದಕ್ಕೆ ಜಗ್ಗಿದರೆ ತಡೆಯುವುದು ಇದೇ ಜಾಲರಿ. ಅಡ್ಡಕ್ಕೆ ಕೈಯಿಂದ ಹರಿದರೆ ನೂಲಿನ ಸಾಲು ಹಿಡಿದು ನೇರವಾಗಿ ಹರಿಯುತ್ತದೆ, ಕತ್ತರಿ ಬೇಕಿಲ್ಲ. ಕೆಳಗೆ ರಬ್ಬರ್ ಬೆರೆತ ಮೆತ್ತನೆಯ ಅಂಟು.

ಈ ಅಂಟಿನ ಗುಣವೇ ಬೇರೆ. ಮರಕ್ಕೆ ಹಚ್ಚುವ ಅಂಟು ಒಣಗಿ ಗಟ್ಟಿಯಾದ ಮೇಲೆ ಹಿಡಿಯುತ್ತದೆ. ಇದು ಒಣಗುವುದೇ ಇಲ್ಲ. ಒತ್ತಿದಾಗ ನಿಧಾನಕ್ಕೆ ಹರಿದು ಸಣ್ಣ ಸಣ್ಣ ತಗ್ಗುಗಳಿಗೆಲ್ಲ ಇಳಿಯುತ್ತದೆ. ಅಷ್ಟು ಹತ್ತಿರ ಬಂದಾಗ ಅಣುಗಳ ನಡುವಿನ ಪುಟ್ಟ ಸೆಳೆತಗಳೆಲ್ಲ ಕೂಡಿ ಬಿಗಿ ಹಿಡಿತವಾಗುತ್ತದೆ. ನಡುವೆ ಧೂಳಿದ್ದರೆ? ಅಂಟು ಧೂಳನ್ನು ಹಿಡಿಯುತ್ತದೆ, ಬೂಟನ್ನಲ್ಲ. ರೊಟ್ಟಿ ಬಡಿಯುವಾಗ ಅಡಿಗೆ ಒಣ ಹಿಟ್ಟು ಹಾಕುತ್ತೇವಲ್ಲ, ಅದೂ ಅಂಟಬಾರದು ಅಂತಲೇ ಅಲ್ವಾ?

ಚಂದ್ರನ ಮೇಲೂ ಇದೇ ಆಯಿತು. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಗಗನಯಾತ್ರಿ ಯೂಜೀನ್ ಸರ್ನನ್ ಅವರ ಸುತ್ತಿಗೆ ತಾಗಿ ರೋವರ್ ಗಾಡಿಯ ಹಿಂದಿನ ಮಡ್‌ಗಾರ್ಡ್ ಮುರಿಯಿತು. ಡಕ್ಟ್ ಟೇಪಿನಿಂದ ಜೋಡಿಸಿದರು. ಚಂದ್ರನ ಹಿಟ್ಟಿನಂಥ ಧೂಳು ಎಲ್ಲ ಕಡೆ ಮೆತ್ತಿತ್ತು, ಗಾಡಿ ಓಡುವಾಗ ಆ ಜೋಡಣೆ ಕಿತ್ತುಬಂತು. ಚಕ್ರದಿಂದ ಚಿಮ್ಮಿದ ಧೂಳೆಲ್ಲ ಅವರ ಮೈಮೇಲೆ. ಮರುದಿನ ಹೊರಗೆ ಹೋಗುವ ಮೊದಲು, ನೌಕೆಯ ಒಳಗೇ ಕೂತು ನಾಲ್ಕು ನಕ್ಷೆಗಳನ್ನು ಟೇಪಿನಿಂದ ಒಂದಕ್ಕೊಂದು ಅಂಟಿಸಿ ಹೊಸ ಮಡ್‌ಗಾರ್ಡ್ ಮಾಡಿದರು. ಅದನ್ನು ಗಾಡಿಗೆ ಕೂರಿಸಲು ಮಾತ್ರ ಟೇಪು ನಂಬಲಿಲ್ಲ, ಕ್ಲಾಂಪ್ ಹಾಕಿದರು. ಟೇಪಿನ ಬಲ ಎಲ್ಲಿ, ಮಿತಿ ಎಲ್ಲಿ ಎಂದು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಕಥೆ ನನಗೆ ಗೊತ್ತಿಲ್ಲ.

ಬೇಸಿಗೆಯಲ್ಲಿ ನಮ್ಮ ಗುಡ್ಡದ ಕೆಂಪು ಧೂಳು ಬೂಟಿನ ಹೊಲಿಗೆಯೊಳಗೂ ಕೂತಿರುತ್ತದೆ. ಸೋಲ್ ಬಾಯಿ ಬಿಟ್ಟಿತೆಂದು ಸುಮ್ನೆ ಟೇಪು ಸುತ್ತಿದರೆ ಸ್ವಲ್ಪ ದೂರದಲ್ಲೇ ಬಿಚ್ಚುತ್ತದೆ. ಮೊದಲು ಧೂಳು ಕೊಡವಿ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಬೂಟಿನ ಸುತ್ತ ಒಂದರ ಮೇಲೊಂದು ಬರುವಂತೆ ಸುತ್ತಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ತಿಕ್ಕಿ. ತುದಿ ಅಂಗಾಲಿನ ಕೆಳಗೆ ಬೇಡ, ಮೇಲ್ಭಾಗದಲ್ಲಿರಲಿ. ಟೇಪನ್ನು ಅದರ ಉದ್ದಕ್ಕೆ ಜಗ್ಗಿದರೆ ಅಂಟಿನ ಇಡೀ ಹಾಸು ಭಾರ ಹೊರುತ್ತದೆ. ತುದಿ ಎದ್ದರೆ ಆ ಒಂದು ಗೆರೆಯ ಮೇಲೇ ಎಲ್ಲ ಭಾರ ಬಿದ್ದು, ಸುಲಭವಾಗಿ ಸುಲಿದು ಬರುತ್ತದೆ. ಚೀಲ, ಟೆಂಟು ಹರಿದಾಗಲೂ ಅಷ್ಟೇ: ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಒಳಗೂ ಹೊರಗೂ ಹಚ್ಚಿ.

ಕಾಲಿನ ಗುಳ್ಳೆ ತಡೆಯಲೂ ಇದು ಒದಗುತ್ತದೆ. ಹಿಮ್ಮಡಿ ಉರಿಯಲು ಶುರುವಾದ ತಕ್ಷಣ ನಿಂತು, ಬೆವರು ಒರೆಸಿ, ಒಂದು ತುಂಡು ಹಚ್ಚಿ. ಉಜ್ಜಾಟ ಚರ್ಮದ ಬದಲು ಟೇಪಿನ ಮೇಲೆ ಆಗುತ್ತದೆ. ಗುಳ್ಳೆ ಎದ್ದಿದ್ದರೆ ನಡುವೆ ಶುದ್ಧ ಬ್ಯಾಂಡೇಜ್ ಬಟ್ಟೆ ಇಡಲೇಬೇಕು, ಇಲ್ಲದಿದ್ದರೆ ಕೀಳುವಾಗ ಚರ್ಮವೂ ಬರುತ್ತದೆ. ಸಕ್ಕರೆ ಕಾಯಿಲೆಯವರು ಕಾಲಿನ ಮೇಲೆ ಈ ಪ್ರಯೋಗ ಮಾಡುವುದೇ ಬೇಡ.

ಇನ್ನು ಬಿಸಿಲು. ಕಾದರೆ ಈ ಅಂಟು ಇನ್ನೂ ಮೆತ್ತಗಾಗಿ ಜಾರುತ್ತದೆ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬಿಸಿ ಗಾಳಿಯ ಕೊಳವೆಗಳ ಸಂದಿಗೆ ಬಗೆಬಗೆಯ ಟೇಪು ಹಚ್ಚಿ ಪರೀಕ್ಷಿಸಿದಾಗ, ಬೇಗ ಸೋತದ್ದು ಬಟ್ಟೆ ಮತ್ತು ರಬ್ಬರ್ ಅಂಟಿನ ಈ ಡಕ್ಟ್ ಟೇಪೇ. ಹಾಗಾಗಿ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಸುರುಳಿ ಬಿಡಬೇಡಿ. ಕಿತ್ತ ತುಂಡುಗಳನ್ನು ಗುಡ್ಡದಲ್ಲಿ ಬಿಸಾಡಲೂ ಬೇಡಿ, ಅದು ವನ್ಯಜೀವಿ ಧಾಮ. ಮನೆಗೆ ಬಂದ ದಿನವೇ ಬೂಟಿನ ಟೇಪು ಬಿಚ್ಚಿ, ಚಮ್ಮಾರರ ಹತ್ತಿರ ಸೋಲ್ ಹೊಲಿಸಿ. ಜಾಸ್ತಿ ದಿನ ಬಿಟ್ಟರೆ ಅಂಟು ಬೂಟಿನಲ್ಲೇ ಉಳಿಯುತ್ತದೆ.