ಫಾರ್ಮ್ 4547: ಮಗುವಿನ ಸಾವಿರ ಡಾಲರ್ ತಾನಾಗೇ ಬರಲ್ಲ, ಕೇಳ್ಬೇಕು

ಈ ಸಲ ಟ್ಯಾಕ್ಸ್ ಸೀಸನ್ ಶುರುವಾದಾಗಿಂದ ಅಮೆರಿಕದಲ್ಲಿರೋ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ನನ್ನಂಥ ಟ್ಯಾಕ್ಸ್ ಕಡೆಯವರಿಗೆ ಡಬ್ಲ್ಯೂ-2 (ಕಂಪನಿ ಕೊಡೋ ವರ್ಷದ ಸಂಬಳದ ಪತ್ರ) ಕಳಿಸೋಕೆ ಮುಂಚೆನೇ ಕೇಳೋ ಪ್ರಶ್ನೆ ಒಂದೇ, "ಪಾಪುಗೆ ಟ್ರಂಪ್ ದುಡ್ಡು ಬರುತ್ತಂತಲ್ಲ, ನಾವು ಎಚ್-1ಬಿ, ನಮಗೂ ಸಿಗುತ್ತಾ?" ಸಿಗುತ್ತೆ, ಆದ್ರೆ ನಿಮಗಲ್ಲ, ಮಗುಗೆ. ಮತ್ತೆ ಅದು ತಾನಾಗೇ ಬರಲ್ಲ, ರಿಟರ್ನ್ ಫೈಲ್ ಮಾಡಿದ ತಕ್ಷಣ ರೀಫಂಡ್ ಜೊತೆ ಬಂದು ಬೀಳಲ್ಲ, ಅದಕ್ಕೆ ಅಂತಲೇ ಒಂದು ಬೇರೆ ಫಾರ್ಮ್ ಇದೆ, ಅದರೊಳಗೆ ಒಂದು ಪುಟ್ಟ ಚೌಕ ಇದೆ, ಅದನ್ನ ಟಿಕ್ ಮಾಡ್ಬೇಕು. ಜನ ಎಡವೋದು ಅಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

2025ರ ಜುಲೈ 4ಕ್ಕೆ ಸಹಿ ಬಿದ್ದ ಒನ್ ಬಿಗ್ ಬ್ಯೂಟಿಫುಲ್ ಬಿಲ್ ಅನ್ನೋ ಕಾನೂನಲ್ಲಿ ಮಕ್ಕಳಿಗೆ ಅಂತ ಹೊಸಾ ಥರದ ಒಂದು ಖಾತೆ ಮಾಡಿದ್ರು, ಟ್ರಂಪ್ ಅಕೌಂಟ್ ಅಂತ. ಮೂಲದಲ್ಲಿ ಅದೊಂದು ಐಆರ್‌ಎ, ಅಂದ್ರೆ ರಿಟೈರ್ಮೆಂಟ್ ಖಾತೆನೇ, ಆದ್ರೆ ಮಗು ಹೆಸರಲ್ಲಿ. 18 ವರ್ಷದೊಳಗಿನ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಇರೋ ಯಾವ ಮಗುಗೆ ಬೇಕಾದ್ರೂ ತೆಗೀಬಹುದು. ಸರ್ಕಾರ ಕೊಡೋ 1,000 ಡಾಲರ್ ಮಾತ್ರ ಎಲ್ಲರಿಗೂ ಇಲ್ಲ, ಮಗು 2025ರ ಜನವರಿ 1ರಿಂದ 2028ರ ಡಿಸೆಂಬರ್ 31ರ ಒಳಗೆ ಹುಟ್ಟಿರ್ಬೇಕು, ಅಮೆರಿಕದ ಸಿಟಿಜನ್ ಆಗಿರ್ಬೇಕು, ಎಸ್‌ಎಸ್‌ಎನ್ ಕೈಗೆ ಬಂದಿರ್ಬೇಕು. ಅಪ್ಪ ಅಮ್ಮ ಸಿಟಿಜನ್ ಆಗಿರ್ಬೇಕು ಅಂತ ಇಲ್ಲ, ಸಂಬಳ ಇಷ್ಟರ ಒಳಗೇ ಇರ್ಬೇಕು ಅನ್ನೋ ಮಿತಿನೂ ಇಲ್ಲ.

ಫಾರ್ಮ್ ನಂಬರ್ 4547. ಟ್ರಂಪ್ 45ನೇ ಅಧ್ಯಕ್ಷರೂ ಹೌದು 47ನೇ ಅಧ್ಯಕ್ಷರೂ ಹೌದು, ಅದು ಹೆಂಗೆ ಇದೇ ನಂಬರ್ ಬಂತು ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ, ನಮ್ಮ ಆರ್‌ಟಿಓದಲ್ಲಿ ಫ್ಯಾನ್ಸಿ ನಂಬರ್ ತಗೊಂಡಂಗೆ.

ಮನೇಲಿ ಇಬ್ಬರು ಮಕ್ಕಳಿದ್ರೆ ಲೆಕ್ಕ ಬೇರೆ ಬೇರೆ ಆಗುತ್ತೆ. ದೊಡ್ಡವಳು 2019ರಲ್ಲಿ ಇಲ್ಲೇ ಹುಟ್ಟಿದ್ದು ಅಂದ್ರೆ ಅವಳಿಗೆ ಖಾತೆ ತೆಗೀಬಹುದು, ಸಾವಿರ ಡಾಲರ್ ಇಲ್ಲ. ಚಿಕ್ಕವನು 2025ರ ಮಾರ್ಚಲ್ಲಿ ಹುಟ್ಟಿದ್ದು ಅಂದ್ರೆ ಖಾತೆನೂ ಇದೆ ಸಾವಿರನೂ ಇದೆ. ಇನ್ನು ಬೆಂಗಳೂರಲ್ಲಿ ಹುಟ್ಟಿ ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಮೇಲೆ ಬಂದ ಮಗುಗೆ ಎಸ್‌ಎಸ್‌ಎನ್ ಇಲ್ಲ, ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡೋ ಟ್ಯಾಕ್ಸ್ ನಂಬರ್) ಇರುತ್ತೆ, ಅದು ಇಲ್ಲಿ ನಡೆಯಲ್ಲ, ಖಾತೆನೇ ಇಲ್ಲ. ಒಂದೇ ಮನೇಲಿ ಅಣ್ಣನಿಗೆ ಇಲ್ಲ ತಮ್ಮನಿಗೆ ಇದೆ ಅನ್ನೋದು ಕೇಳೋಕೆ ಬೇಜಾರೇ, ಆದ್ರೆ ಕಾನೂನು ಇರೋದೇ ಹಂಗೆ.

ಈಗ ಫಾರ್ಮಿಗೆ ಬರೋಣ. ಫಾರ್ಮ್ ಚಿಕ್ಕದು, 1040 (ಮಾಮೂಲಿ ಟ್ಯಾಕ್ಸ್ ರಿಟರ್ನ್ ಫಾರ್ಮ್) ಮುಂದೆ ಏನೂ ಅಲ್ಲ. ಮೊದಲು ಖಾತೆ ತೆಗೆಯೋರ ವಿವರ, ಆಮೇಲೆ ಮಗುವಿನ ವಿವರ, ಕೊನೆಗೆ ಸಹಿ. ಒಂದು ಫಾರ್ಮಲ್ಲಿ ಇಬ್ಬರು ಮಕ್ಕಳಿಗೆ ಜಾಗ ಇದೆ, ಅವಳಿ ಮಕ್ಕಳ ಜೊತೆ ಇನ್ನೊಂದಿದ್ರೆ ಎರಡನೇ ಫಾರ್ಮ್ ಸೇರಿಸ್ಬೇಕು. ಮಗುವಿನ ವಿವರ ತುಂಬಿದ್ರೆ ಅದು "ಖಾತೆ ತೆಗೀರಿ" ಅಂತ ಕೇಳಿದ ಹಾಗೆ ಅಷ್ಟೇ. "ಆ ಸಾವಿರ ಡಾಲರ್ ಹಾಕಿ" ಅಂತ ಕೇಳೋದು ಬೇರೆ, ಅದಕ್ಕೆ ಪೈಲಟ್ ಪ್ರೋಗ್ರಾಂ ಕಾಂಟ್ರಿಬ್ಯೂಷನ್ ಅನ್ನೋ ಚೌಕ ಇದೆ, ಒಂದೊಂದು ಮಗುಗೂ ಒಂದೊಂದು. ಮನೇಲಿ ಕೂತು ಸಾಫ್ಟ್‌ವೇರಲ್ಲಿ ತಾವೇ ಫೈಲ್ ಮಾಡೋರು ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ಕೊಂಡು ಹೋಗ್ತಾರೆ, ಮಗು ಹೆಸರು ಬಂತು ಎಸ್‌ಎಸ್‌ಎನ್ ಬಂತು ಸರಿ ಮುಗೀತು ಅನ್ಕೋತಾರೆ, ಚೌಕ ಖಾಲಿ ಉಳಿದಿರುತ್ತೆ. ಸಬ್ಮಿಟ್ ಮಾಡೋ ಮುಂಚೆ ಪಿಡಿಎಫ್ ತೆಗೆದು ಆ ಚೌಕ ಒಂದನ್ನ ಕಣ್ಣಾರೆ ನೋಡಿ, ಸಾಫ್ಟ್‌ವೇರ್ ಸಮ್ಮರಿ ಪೇಜ್ ನಂಬ್ಕೊಂಡು ಕೂರಬೇಡಿ.

ಎರಡನೇ ತಲೆನೋವು ಹೆಸರು, ಇದು ಅಪ್ಪಟ ನಮ್ಮವರ ತಲೆನೋವು. ಎಚ್.ಕೆ. ಮಂಜುನಾಥ ಅಂತ ಒಬ್ಬರಿದಾರೆ ಅಂತ ಇಟ್ಕೊಳ್ಳಿ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಹೊಳಲ್ಕೆರೆ ಕೃಷ್ಣಮೂರ್ತಿ ಅನ್ನೋದು ಸರ್‌ನೇಮ್ ಆಯ್ತು, ಮಂಜುನಾಥ ಗಿವನ್ ನೇಮ್ ಆಯ್ತು. ಇಲ್ಲಿ ಪಾಪು ಹುಟ್ಟಿದಾಗ ಆಸ್ಪತ್ರೆಯ ಬರ್ತ್ ಸರ್ಟಿಫಿಕೇಟ್ ಫಾರ್ಮಲ್ಲಿ ಅಪ್ಪನ ಹೆಸರೇ ಇರ್ಲಿ ಅಂತ ಮಗುಗೆ ಲಾಸ್ಟ್ ನೇಮ್ ಮಂಜುನಾಥ ಅಂತ ಬರೆಸಿದ್ರು. ಟ್ಯಾಕ್ಸ್ ಸಾಫ್ಟ್‌ವೇರ್ ಏನ್ ಮಾಡುತ್ತೆ, ಅಪ್ಪನ ಲಾಸ್ಟ್ ನೇಮನ್ನೇ ಎತ್ತಿ ಮಗುಗೂ ಹಾಕಿ ಇಟ್ಟಿರುತ್ತೆ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ನೋಡೋದು ಲಾಸ್ಟ್ ನೇಮಿನ ಮೊದಲ ನಾಕು ಇಂಗ್ಲಿಷ್ ಅಕ್ಷರ, ಅದಕ್ಕೆ ನೇಮ್ ಕಂಟ್ರೋಲ್ ಅಂತಾರೆ, ಆ ನಾಕು ಅಕ್ಷರ ಎಸ್‌ಎಸ್‌ಎನ್ ಜೊತೆ ಹೊಂದ್ಲಿಲ್ಲ ಅಂದ್ರೆ ಇ-ಫೈಲ್ ವಾಪಸ್ ಬರುತ್ತೆ. ಮಂಜುನಾಥ ಇರೋ ಕಡೆ ಹೊಳಲ್ಕೆರೆ ಬಂದ್ರೆ ಹೊಂದೋ ಮಾತೇ ಇಲ್ಲ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗನೇ ಖಾಲಿ ಇದ್ದು, ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಗೊತ್ತಿಲ್ಲ) ಅಂತ ಬಂದವರ ಕಥೆ ಇನ್ನೂ ಚೆನ್ನಾಗಿರುತ್ತೆ, ಅವರ ಮನೇಲಿ ಒಬ್ಬೊಬ್ಬರ ಕಾರ್ಡಲ್ಲೂ ಒಂದೊಂದು ಲಾಸ್ಟ್ ನೇಮ್.

ಅದಕ್ಕೆ ನಾನು ಯಾರಿಗೇ ಆಗ್ಲಿ ಮಗುವಿನ ಹೆಸರು ವಾಟ್ಸಾಪಲ್ಲಿ ಟೈಪ್ ಮಾಡಿ ಕಳಿಸ್ಬೇಡಿ, ಎಸ್‌ಎಸ್‌ಎನ್ ಕಾರ್ಡ್ ಎದುರಿಗೆ ಇಟ್ಕೊಂಡು ಅದರಲ್ಲಿ ಇರೋ ಹಾಗೇ ಪೋರ್ಟಲಲ್ಲಿ ತುಂಬಿ ಅಂತ ಹೇಳೋದು. ಪಾಸ್‌ಪೋರ್ಟಲ್ಲಿ ಏನಿದೆ, ಓಸಿಐಲಿ ಏನಿದೆ, ನಾಮಕರಣದಲ್ಲಿ ಅಜ್ಜಿ ಕಿವೀಲಿ ಏನು ಹೇಳಿದ್ರು, ಅದ್ಯಾವುದೂ ಈ ಫಾರ್ಮಿಗೆ ಬೇಡ. ಕಾರ್ಡೇ ತಪ್ಪಾಗಿದೆ ಅಂದ್ರೆ ಮೊದಲು ಸೋಶಿಯಲ್ ಸೆಕ್ಯುರಿಟಿ ಆಫೀಸಲ್ಲಿ ತಿದ್ದಿಸಿ, ಆಮೇಲೆ ಫಾರ್ಮ್.

ಸಹಿ ಯಾರು ಹಾಕೋದು? ಕಾನೂನುಬದ್ಧ ಗಾರ್ಡಿಯನ್ ಇದ್ರೆ ಅವರು, ಆಮೇಲೆ ಅಪ್ಪ ಅಥವಾ ಅಮ್ಮ, ಆಮೇಲೆ ವಯಸ್ಸಿಗೆ ಬಂದ ಅಣ್ಣ ಅಕ್ಕ, ಕೊನೆಗೆ ಅಜ್ಜ ಅಜ್ಜಿ, ಹೀಗೆ ಸಾಲು ಇದೆ. ಸಾವಿರ ಡಾಲರ್ ಕೇಳೋರಿಗೆ ಇನ್ನೊಂದು ಷರತ್ತು, ಆ ವರ್ಷ ಮಗು ಅವರ ಕ್ವಾಲಿಫೈಯಿಂಗ್ ಚೈಲ್ಡ್ ಆಗಿರುತ್ತೆ ಅಂತ ಅವರಿಗೆ ಅನ್ನಿಸಿರ್ಬೇಕು, ಅಂದ್ರೆ ಸಾಮಾನ್ಯವಾಗಿ ಅರ್ಧ ವರ್ಷಕ್ಕಿಂತ ಜಾಸ್ತಿ ಮಗು ಅವರ ಜೊತೆ ಇರ್ಬೇಕು. ಬಾಣಂತನಕ್ಕೆ ಬಂದ ಅತ್ತೆ ಮಾವ ಹಾಕೋಕಾಗಲ್ಲ ಬಿಡಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಹಾಕೋದೂ ಬೇಡ, ಒಂದು ಮಗುಗೆ ಒಂದೇ ಸಲ. ಯಾರು ಸಹಿ ಹಾಕ್ತಾರೋ ಮುಂದಿನ ಮೆಸೇಜ್‌ಗಳು ಅವರಿಗೇ ಬರೋದು, ಗುರುತು ಖಚಿತಪಡಿಸೋ ಹಂತನೂ ಅವರದ್ದೇ, ಹಾಗಾಗಿ ಯಾರ ಫೋನ್ ನಂಬರ್ ಇಮೇಲ್ ಬದಲಾಗದೇ ಇರುತ್ತೋ ಅವರು ಹಾಕಿ. ಆಫೀಸ್ ಇಮೇಲ್ ಅಂತೂ ಬೇಡವೇ ಬೇಡ, ಲೇಆಫ್ ಆದ ದಿನ ಅದೂ ಹೋಗುತ್ತೆ.

2026ರ ಮೇ ತಿಂಗಳಿಂದ ಖಾತೆ ಆ್ಯಕ್ಟಿವೇಟ್ ಮಾಡೋ ವಿವರ ಕಳಿಸ್ತೀವಿ ಅಂತ ಟ್ರೆಷರಿ (ಅಮೆರಿಕದ ಹಣಕಾಸು ಇಲಾಖೆ) ಹೇಳಿದೆ, ದುಡ್ಡು ಹಾಕೋದು 2026ರ ಜುಲೈ 4ರಿಂದ, ಅದಕ್ಕಿಂತ ಮುಂಚೆ ಸರ್ಕಾರನೂ ಹಾಕಲ್ಲ ನೀವೂ ಹಾಕೋಕಾಗಲ್ಲ. "ಈಗಲೇ ಹಾಕ್ಸಿಕೊಡ್ತೀನಿ, ಪ್ರೊಸೆಸಿಂಗ್ ಫೀಸ್ ಕೊಡಿ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡಿ.

ಜನ ಸ್ವಲ್ಪ ತಗ್ಗಿದ ದನೀಲಿ ಕೇಳೋ ಪ್ರಶ್ನೆಗಳೂ ಇವೆ. ಒಂದು, ಸರ್ಕಾರದ ದುಡ್ಡು ತಗೊಂಡ್ರೆ ನಮ್ಮ ಗ್ರೀನ್ ಕಾರ್ಡಿಗೆ ಕುತ್ತಾಗುತ್ತಾ ಅಂತ. ನಾನು ಟ್ಯಾಕ್ಸ್ ಕಡೆಯವನು, ಇಮಿಗ್ರೇಶನ್ ಲಾಯರ್ ಅಲ್ಲ, ಆದ್ರೆ ಇದು ಬಡವರಿಗೆ ಅಂತ ಆದಾಯ ನೋಡಿ ಕೊಡೋ ಸಹಾಯ ಅಲ್ಲ, ಕೋಟ್ಯಧಿಪತಿ ಮಗುಗೂ ಬರುತ್ತೆ, ಬರೋದು ಸಿಟಿಜನ್ ಆಗಿರೋ ಮಗು ಹೆಸರಿಗೆ. ಅಷ್ಟಾದ್ಮೇಲೂ ನಿದ್ದೆ ಬರ್ಲಿಲ್ಲ ಅಂದ್ರೆ ನಿಮ್ಮ ಲಾಯರ್‌ನೇ ಕೇಳಿ. ಇನ್ನೊಂದು, ಬರ್ತ್‌ರೈಟ್ ಸಿಟಿಜನ್‌ಶಿಪ್ (ಇಲ್ಲಿ ಹುಟ್ಟಿದ್ದಕ್ಕೇ ಸಿಗೋ ಪೌರತ್ವ) ಬಗ್ಗೆ ಟ್ರಂಪ್ 2025ರ ಜನವರಿ 20ಕ್ಕೆ ಹೊರಡಿಸಿದ ಆದೇಶದ ಭಯ. ಎಚ್-1ಬಿಯಂಥಾ ತಾತ್ಕಾಲಿಕ ವೀಸಾದವರ ಮಕ್ಕಳನ್ನೂ ಗುರಿ ಮಾಡಿದ್ದ ಆದೇಶ ಅದು, ಕೆಳಗಿನ ಕೋರ್ಟ್‌ಗಳು ತಡೆದ್ವು, 2025ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಕೊಂಡ್ತು. ಫಾರ್ಮಿಗೆ ನೀವು ಸಹಿ ಹಾಕೋದು ಸುಳ್ಳಾದ್ರೆ ಶಿಕ್ಷೆ ಅನ್ನೋ ಷರತ್ತಿನ ಕೆಳಗೆ, ಹಾಗಾಗಿ ಸಹಿ ಹಾಕೋ ದಿನ ಮಗು ಸಿಟಿಜನ್ ಹೌದು ಅನ್ನೋದಕ್ಕೆ ಬರ್ತ್ ಸರ್ಟಿಫಿಕೇಟು, ಎಸ್‌ಎಸ್‌ಎನ್ ನಿಮ್ಮ ಕೈಲಿರ್ಲಿ.

ಸಾವಿರ ಡಾಲರ್ ಏನಾಗುತ್ತೆ ಅಂದ್ರೆ, ಅಮೆರಿಕದ ಷೇರುಗಳ ಇಂಡೆಕ್ಸ್ ಫಂಡಿಗೆ ಹೋಗುತ್ತೆ, ಎಸ್ ಆ್ಯಂಡ್ ಪಿ 500 ಥರದ್ದಕ್ಕೆ, ಫಂಡ್ ಖರ್ಚು ವರ್ಷಕ್ಕೆ ಶೇ. 0.1 ದಾಟಂಗಿಲ್ಲ. ಮಗುಗೆ 18 ತುಂಬೋ ವರ್ಷದ ಜನವರಿ 1ರ ತನಕ ತೆಗೆಯೋಹಾಗಿಲ್ಲ. ವರ್ಷಕ್ಕೆ ಶೇ. 7 ಬೆಳೀತು ಅಂತ ಅಂದಾಜು ಹಾಕಿದ್ರೆ 18 ವರ್ಷಕ್ಕೆ ಸುಮಾರು 3,380 ಡಾಲರ್ ಆಗುತ್ತೆ, ಅದರಲ್ಲಿ ಮೆಡಿಕಲ್ ಸೀಟ್ ಬರಲ್ಲ, ಆದ್ರೆ ಪುಕ್ಕಟೆ ಬರೋದನ್ನ ಬಿಡೋದ್ಯಾಕೆ.

ನಾನು ಎಲ್ಲರ ಹತ್ರ ಜಗಳ ಆಡೋದು ಇದರ ಮುಂದಿನ ವಿಷಯಕ್ಕೆ. ವರ್ಷಕ್ಕೆ 5,000 ಡಾಲರ್ ತನಕ ಮನೆಯವರೂ ಹಾಕಬಹುದು, ಅಪ್ಪ ಅಮ್ಮ ಚಿಕ್ಕಪ್ಪ ಯಾರೇ ಹಾಕಿದ್ರೂ ಮಿತಿ ಒಟ್ಟಿಗೆ ಅಷ್ಟೇ, ಕಂಪನಿ ತನ್ನ ಉದ್ಯೋಗಿಯೊಬ್ಬರಿಗೆ 2,500ರ ತನಕ ಹಾಕಬಹುದು, ಅದೂ ಇದೇ 5,000ದ ಒಳಗೇ ಬರುತ್ತೆ, ಸರ್ಕಾರದ ಸಾವಿರ ಇದರ ಹೊರಗೆ. ಕಂಪನಿ ಕೊಟ್ರೆ ಕಣ್ಮುಚ್ಚಿ ತಗೊಳ್ಳಿ, ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ. ಸ್ವಂತ ದುಡ್ಡು ಹಾಕೋಕೆ ಮಾತ್ರ ಆತುರ ಬೇಡ. ನೀವು ಹಾಕೋದಕ್ಕೆ ಟ್ಯಾಕ್ಸ್ ಕಡಿತ ಇಲ್ಲ, ಆಮೇಲೆ ತೆಗೆಯುವಾಗ ಬೆಳೆದ ಭಾಗಕ್ಕೆ, ಸರ್ಕಾರ ಕಂಪನಿ ಕೊಟ್ಟಿದ್ದಕ್ಕೆ, ಮಾಮೂಲಿ ಆದಾಯದ ದರದಲ್ಲೇ ಟ್ಯಾಕ್ಸ್, 59 ವರೆ ವರ್ಷಕ್ಕೆ ಮುಂಚೆ ತೆಗೆದ್ರೆ ಶೇ. 10 ದಂಡ ಬೇರೆ, ಓದು, ಮೊದಲ ಮನೆ ಇಂಥದ್ದಕ್ಕೆ ವಿನಾಯಿತಿ ಇದೆ. ಕಾಲೇಜಿಗೆ ಅಂತ ಉಳಿಸ್ತಿದೀರಿ ಅಂದ್ರೆ 529 (ಓದಿಗೆ ಅಂತಲೇ ಇರೋ ಉಳಿತಾಯ ಖಾತೆ) ಖಾತೆನೇ ವಾಸಿ, ಓದಿಗೆ ತೆಗೆದ್ರೆ ಬೆಳೆದಿದ್ದಕ್ಕೂ ಟ್ಯಾಕ್ಸ್ ಇಲ್ಲ. ಮೊದಲು ಅದು, ಆಮೇಲೆ ಉಳಿದ್ರೆ ಇದು, ಇದು ನನ್ನ ಅಭಿಪ್ರಾಯ.

ಡೆಲ್ ಕಂಪ್ಯೂಟರ್ ಕಂಪನಿಯ ಮೈಕಲ್ ಡೆಲ್ ದಂಪತಿ ಈ ಖಾತೆಗಳಿಗೆ ಅಂತ ಘೋಷಿಸಿದ 250 ಡಾಲರ್ ಬಗ್ಗೆನೂ ಕೇಳ್ತಾರೆ. ಅದು 2025ಕ್ಕೆ ಮುಂಚೆ ಹುಟ್ಟಿದ, 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿಗೆ, ಆದ್ರೆ ನಿಮ್ಮ ಜಿಪ್ ಕೋಡಿನ ಮಧ್ಯಮ ಆದಾಯ 1,50,000 ಡಾಲರ್ ಒಳಗಿರ್ಬೇಕು. ಕುಪರ್ಟಿನೋ ಥರದ ಕಡೆ ಇರೋರು ಆಸೆ ಬಿಡಿ. ಬೇರೆ ಕಡೆ ಇರೋರು, ದೊಡ್ಡ ಮಗುಗೆ ಸಾವಿರ ಇಲ್ವಲ್ಲ ಅಂತ ಖಾತೆ ತೆಗೀದೇ ಬಿಡ್ಬೇಡಿ.

ಇನ್ನು ಊರಿಗೆ ವಾಪಸ್ ಹೋಗೋ ಯೋಚನೆ ಇರೋರಿಗೆ. ಮಗು ಬೆಂಗಳೂರಲ್ಲಿ ಬೆಳೆದ್ರೂ ಅಮೆರಿಕದ ಸಿಟಿಜನ್ನೇ, ಮುಂದೆ ದುಡ್ಡು ತೆಗೆದಾಗ ಇಲ್ಲಿನ ಟ್ಯಾಕ್ಸ್ ಅದರ ತಲೆ ಮೇಲಿರುತ್ತೆ. ಭಾರತದಲ್ಲಿ ಆರ್‌ಎನ್‌ಓಆರ್ (ವಾಪಸ್ ಹೋದವರಿಗೆ ಮೊದಮೊದಲು ಇರೋ ಅರೆ ರೆಸಿಡೆಂಟ್ ಸ್ಥಿತಿ) ಅವಧಿ ಮುಗಿದು ಪೂರ್ತಿ ರೆಸಿಡೆಂಟ್ ಆದ್ಮೇಲೆ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ಇದೆ, ಮೈನರ್ ಮಗುವಿನ ಆದಾಯನ ಜಾಸ್ತಿ ಸಂಪಾದಿಸೋ ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಸೇರಿಸೋ ನಿಯಮ ಇದೆ. ಈ ಖಾತೆ ಹೊಸದು, ಅಲ್ಲಿನ ಸಿಎಗೆ ಇದರ ಹೆಸರೇ ಗೊತ್ತಿಲ್ಲದೇ ಇರಬಹುದು, 401ಕೆ (ಕಂಪನಿ ಮೂಲಕ ಇರೋ ರಿಟೈರ್ಮೆಂಟ್ ಖಾತೆ) ಬಗ್ಗೆ ಹೇಳೋವಾಗ ಇದನ್ನೂ ನೀವೇ ಬಾಯಿ ಬಿಟ್ಟು ಹೇಳಿ.

ರಿಟರ್ನ್ ಈಗಾಗಲೇ ಫೈಲ್ ಮಾಡಿಬಿಟ್ಟಿದೀವಿ ಅನ್ನೋರು ಇದೊಂದಕ್ಕೋಸ್ಕರ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಹಾಕೋಕೆ ಹೋಗಬೇಡಿ. ಏಪ್ರಿಲ್ 15 ರಿಟರ್ನಿನ ಗಡುವು, ಈ ಫಾರ್ಮಿನದಲ್ಲ. ಟ್ರಂಪ್‌ಅಕೌಂಟ್ಸ್ ಡಾಟ್ ಗವ್ ಅನ್ನೋ ಸರ್ಕಾರದ ಸೈಟಲ್ಲಿ ಇದನ್ನ ಬೇರೆಯಾಗೇ ತುಂಬಬಹುದು. ಈ ಡಿಸೆಂಬರಲ್ಲಿ ಡೆಲಿವರಿ ಇರೋರು ಆಸ್ಪತ್ರೇಲಿ ಬರ್ತ್ ಸರ್ಟಿಫಿಕೇಟ್ ಫಾರ್ಮ್ ಕೊಟ್ಟಾಗ ಮಗುಗೆ ಎಸ್‌ಎಸ್‌ಎನ್ ಬೇಕು ಅನ್ನೋ ಜಾಗದಲ್ಲಿ ಹೌದು ಅಂತ ಹಾಕಿ, ಲಾಸ್ಟ್ ನೇಮ್ ಏನು ಅಂತ ಅಷ್ಟರೊಳಗೆ ಇಬ್ಬರೂ ಕೂತು ತೀರ್ಮಾನ ಮಾಡ್ಕೊಂಡಿರಿ.