ಸೀರೆಯ ಹಿಂಬದಿಯನ್ನೂ ತೋರಿಸಿ: ಇಳಕಲ್ ಸೀರೆ ಮಾರುವವರ ಇನ್‌ಸ್ಟಾಗ್ರಾಮ್

ಇಳಕಲ್ ಸೀರೆ ಮಾರುವ ಸಣ್ಣ ಅಂಗಡಿಗಳ ಇನ್‌ಸ್ಟಾಗ್ರಾಮ್ ಪುಟಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಯಾವುದು ಯಾರದ್ದೆಂದು ಹೇಳುವುದೇ ಕಷ್ಟ. ಹಬ್ಬ ಬಂತೆಂದರೆ ಶುಭಾಶಯದ ಪೋಸ್ಟರ್, ನಡುನಡುವೆ ರಿಯಾಯಿತಿಯ ಪೋಸ್ಟರ್. ಸೀರೆಯ ಫೋಟೊ ಹಾಕಿದರೂ ಅದು ಹೋಲ್‌ಸೇಲ್ ವಾಟ್ಸ್‌ಆ್ಯಪ್ ಗುಂಪಿನಿಂದ ಬಂದದ್ದು. ಅದೇ ಫೋಟೊ ಪವರ್‌ಲೂಮ್ ಸೀರೆ ಮಾರುವವರ ಪುಟದಲ್ಲೂ ಇರುತ್ತದೆ. ನೋಡುವವರಿಗೆ ಇಬ್ಬರೂ ಒಂದೇ ಥರ ಕಂಡಾಗ ಬೆಲೆ ಕಡಿಮೆ ಹೇಳಿದವರ ಕಡೆಗೇ ಹೋಗುತ್ತಾರೆ.

ಹಾಗಾದರೆ ನಿಮ್ಮ ಗುರುತು ಯಾವುದು? ಲೋಗೊ ಆಮೇಲೆ ಮಾಡಿಸಿಕೊಳ್ಳಬಹುದು. ಕೈಮಗ್ಗದ ಇಳಕಲ್ ಸೀರೆಯಲ್ಲೇ ಒಂದು ಗುರುತು ನೇಯ್ದುಕೊಂಡು ಬಂದಿರುತ್ತದೆ: ಒಡಲೂ ಸೆರಗೂ ಕೂಡುವ ಜಾಗ. ಹತ್ತಿಯ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದಕ್ಕಾಗಿಯೇ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಹೂಡಬೇಕು. ಉದ್ದನೆಯ ಒಂದೇ ಹಾಸಿನ ಮೇಲೆ ಓಡುವ ಪವರ್‌ಲೂಮ್ ಬಟ್ಟೆಯಲ್ಲಿ ಈ ಕೊಂಡಿ ಇರುವುದಿಲ್ಲ. ಸೆರಗನ್ನು ಮಗುಚಿ, ಬೆರಳು ಇಟ್ಟು, ಆ ಗೆರೆಯನ್ನು ಹತ್ತಿರದಿಂದ ತೋರಿಸುವ 20 ಸೆಕೆಂಡಿನ ವಿಡಿಯೊ ಹತ್ತು ಪೋಸ್ಟರ್ ಮಾಡದ ಕೆಲಸ ಮಾಡುತ್ತದೆ. ಪ್ರತಿ ಸೀರೆಗೂ ಇದೇ ನೋಟ ಬರಲಿ. ಆರು ತಿಂಗಳು ಬಿಡದೆ ತೋರಿಸಿದರೆ, ಕೊಂಡಿ ತೋರಿಸುವ ಅಂಗಡಿ ಎಂದೇ ಜನ ನಿಮ್ಮನ್ನು ನೆನಪಿಡುತ್ತಾರೆ.

ಫೋಟೊದಲ್ಲಿ ಹೆಚ್ಚು ಕೈಕೊಡುವುದು ಬಣ್ಣ. ಇಳಕಲ್ ಸೆರಗಿನ ಕೆಂಪು ಮೊಬೈಲ್ ಕ್ಯಾಮೆರಾಕ್ಕೆ ಕಷ್ಟದ ಬಣ್ಣ; ಬೆಳಕು ಸ್ವಲ್ಪ ಹೆಚ್ಚಾದರೂ ಕೆಂಪೆಲ್ಲ ಒಂದೇ ಮುದ್ದೆಯಾಗಿ, ಅದರೊಳಗಿನ ಟೋಪು ತೆನಿ ವಿನ್ಯಾಸದ ಅಂಚು ಅಳಿಸಿಹೋಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ದಾಳಿಂಬೆ ಕೆಂಪು ಬೇರೆ ಏನೋ ಆಗಿ ಕಾಣುತ್ತದೆ. ಸೀರೆ ಕೈಗೆ ಬಂದಾಗ 'ಫೋಟೊದಲ್ಲಿ ಈ ಬಣ್ಣ ಇರಲಿಲ್ಲ' ಎಂದು ವಾಪಸ್ ಕಳಿಸುತ್ತಾರೆ, ಎರಡು ಕಡೆಯ ಕೊರಿಯರ್ ಖರ್ಚು ನಿಮ್ಮ ತಲೆಗೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಬಿಸಿಲು ನೇರ ಬೀಳದ ಬಾಗಿಲ ಬಳಿ ತೆಗೆಯಿರಿ. ಸೀರೆ ಪಕ್ಕ ಒಂದು ಬಿಳಿ ಕಾಗದ ಇಡಿ. ಅದು ಹಳದಿಯಾಗಿ ಕಂಡರೆ ಬೆಳಕು ಸರಿಯಿಲ್ಲ. ಸೆರಗಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ತುಸು ಕೆಳಗಿಳಿಸಿ. ಫಿಲ್ಟರ್ ಮುಟ್ಟಬೇಡಿ.

ಒಂದು ಸೀರೆಗೆ ಐದು ಫೋಟೊ ಸಾಕು, ಆದರೆ ಕ್ರಮ ಬದಲಾಗಬಾರದು: ಮೊದಲು ಸೆರಗು, ಆಮೇಲೆ ಹಿಂಬದಿಯ ಕೊಂಡಿ, ದಡಿ, ಒಡಲು, ಕೊನೆಗೆ ಉಟ್ಟಾಗಿನ ನೋಟ. ಕೆಳಗಿನ ಬರಹದಲ್ಲಿ ಒಡಲಿನ ನೂಲು ಯಾವುದು, ಸೆರಗಿನದು ಯಾವುದು, ಉದ್ದ ಎಷ್ಟು ಮೀಟರ್, ದಡಿಯ ವಿನ್ಯಾಸ ಗೋಮಿಯೋ ಗಾಡಿಯೋ, ಜತೆಗೆ ಖಣ (ರವಿಕೆ ಬಟ್ಟೆ) ಇದೆಯೋ ಇಲ್ಲವೋ, ಮೊದಲ ಸಲ ಹೇಗೆ ಒಗೆಯಬೇಕು ಎಂಬುದೆಲ್ಲ ಇರಲಿ. ಬೆಲೆಯನ್ನೂ ಬರೆಯಿರಿ. 'ಬೆಲೆಗೆ ಮೆಸೇಜ್ ಮಾಡಿ' ಅಂದರೆ ಕೇಳಲು ಸಂಕೋಚಪಡುವವರು ಸುಮ್ಮನೆ ಮುಂದೆ ಹೋಗುತ್ತಾರೆ; ಕೇಳುವವರಿಗೂ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳುತ್ತಾರೇನೋ ಎಂಬ ಅನುಮಾನ ಹುಟ್ಟುತ್ತದೆ. ಒಡಲಿಗೆ ಹಾಕಿದ್ದು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ಹಾಗೆಯೇ ಬರೆಯಿರಿ. ಪವರ್‌ಲೂಮ್ ಸೀರೆ ಮಾರುವುದರಲ್ಲಿ ತಪ್ಪಿಲ್ಲ, ಅದನ್ನು ಕೈಮಗ್ಗದ್ದು ಅನ್ನುವುದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ದಾರಿತಪ್ಪಿಸುವ ಜಾಹೀರಾತು. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಆದರೆ ಜಿಐ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳದೆ ಆ ಮುದ್ರೆಯನ್ನು ಪೋಸ್ಟಿನಲ್ಲಿ ಅಂಟಿಸಬೇಡಿ.

ಹುಡುಕಿದವರಿಗೆ ಸಿಗುವುದು ಇನ್ನೊಂದು ಮಾತು. ಇನ್‌ಸ್ಟಾಗ್ರಾಮಿನಲ್ಲಿ ಖಾತೆಯ ಐಡಿ ಬೇರೆ, 'ಹೆಸರು' ಎಂಬ ಜಾಗ ಬೇರೆ. ಹುಡುಕಾಟದಲ್ಲಿ ಎರಡೂ ಬರುತ್ತವೆ. ಹೆಸರಿನ ಜಾಗದಲ್ಲಿ ಬರೀ ಅಂಗಡಿಯ ಹೆಸರಿದ್ದರೆ, ಅದು ಗೊತ್ತಿಲ್ಲದವರಿಗೆ ನೀವು ಸಿಗುವುದಿಲ್ಲ. ಅಂಗಡಿ ಹೆಸರಿನ ಜತೆ 'ಇಳಕಲ್ ಕೈಮಗ್ಗ ಸೀರೆ' ಸೇರಿಸಿ. ಮಹಾರಾಷ್ಟ್ರದಲ್ಲಿ ಇದೇ ಸೀರೆಯನ್ನು ಇರಕಲ್ ಅನ್ನುತ್ತಾರೆ. ಸೊಲ್ಲಾಪುರ, ಪುಣೆ ಕಡೆಯ ಗಿರಾಕಿ ಬೇಕಿದ್ದರೆ ಆ ಹೆಸರನ್ನು ದೇವನಾಗರಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಪೋಸ್ಟಿನ ಬರಹಕ್ಕೆ ಹಾಕಿ. ಬಯೋಗೆ ಸಿಗುವುದು 150 ಅಕ್ಷರ ಮಾತ್ರ. ಅದರಲ್ಲಿ ಊರು, ಏನು ಮಾರುತ್ತೀರಿ, ಎಲ್ಲೆಲ್ಲಿಗೆ ಕಳಿಸುತ್ತೀರಿ ಎಂಬುದು ಬರಲಿ, 'ಗುಣಮಟ್ಟವೇ ನಮ್ಮ ಧ್ಯೇಯ' ಬೇಡ.

ರೀಲ್ಸ್‌ಗೆ ಸಿನಿಮಾ ಹಾಡು ಹಾಕುವ ಆಸೆ ಎಲ್ಲರಿಗೂ. ಬಿಸಿನೆಸ್ ಖಾತೆಗಳಿಗೆ ಅಂಥ ಹಾಡುಗಳ ಪರವಾನಗಿ ಬಹುಮಟ್ಟಿಗೆ ಇರುವುದಿಲ್ಲ. ಹೊರಗಿನಿಂದ ಸೇರಿಸಿದರೆ ಸದ್ದು ಅಡಗಿಸಿಬಿಡುತ್ತಾರೆ. ಕುಣಿ ಮಗ್ಗದ (ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ) ಮುಂದೆ ಫೋನ್ ಹಿಡಿದರೆ ಲಾಳಿ ಓಡುವ ಸದ್ದೇ ಸಿಗುತ್ತದೆ. ಅದಕ್ಕಿಂತ ಚೆಂದದ ಹಿನ್ನೆಲೆ ನಿಮಗೆ ಬೇರೆಲ್ಲೂ ಸಿಗದು. ವಾರಕ್ಕೆ ಮೂರು ಪೋಸ್ಟ್ ಸಾಕು. ದಿನಕ್ಕೆರಡು ಎಂದು ಹೊರಟವರು ತಿಂಗಳೊಳಗೆ ದಣಿದು ನಿಲ್ಲಿಸುತ್ತಾರೆ. ನಿಂತುಹೋದ ಪುಟ ನೋಡಿದವರು ಅಂಗಡಿಯೇ ಮುಚ್ಚಿದೆ ಅಂದುಕೊಳ್ಳುತ್ತಾರೆ.

ಲೈಕ್ ಎಣಿಸುವುದನ್ನು ಬಿಡಿ. ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬುದನ್ನು ನೋಡಿ. ಸೀರೆ ಕೊಳ್ಳುವವರು ಅಕ್ಕನಿಗೋ ಅತ್ತಿಗೆಗೋ ಕಳಿಸಿ ಕೇಳಿಯೇ ಕೊಳ್ಳುವುದು. ಜಾಹೀರಾತಿಗೆ ದುಡ್ಡು ಹಾಕುವುದಿದ್ದರೆ, ಈಗಾಗಲೇ ವಿಚಾರಣೆ ತಂದ ರೀಲಿಗೇ ಹಾಕಿ. ದಿನಕ್ಕೆ 200 ರೂಪಾಯಿಯಂತೆ ಐದು ದಿನ, ಎರಡೇ ಊರು, ಗುರಿ 'ಮೆಸೇಜ್'. ಜಿಎಸ್‌ಟಿ ಶೇ 18 ಬೇರೆ ಬೀಳುತ್ತದೆ. ರೀಲ್ಸ್ ಮಾಡುವವರಿಗೆ ಸೀರೆಯನ್ನು ಉಚಿತವಾಗಿ ಕೊಟ್ಟು ಉಡಿಸಿದರೂ ಅದು ಪ್ರಚಾರವೇ. ಹಾಗೆಂದು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕೆಂಬ ನಿಯಮವಿದೆ.

ಇನ್‌ಸ್ಟಾಗ್ರಾಮ್ ನಿಮ್ಮದಲ್ಲ ಎಂಬುದು ನೆನಪಿರಲಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಫಾಲೋವರ್ಸ್ ಒಂದೇ ಏಟಿಗೆ ಹೋದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು. ಆದ್ದರಿಂದ ಕೊಂಡವರ ಹೆಸರು, ಊರು, ಫೋನ್ ನಂಬರು, ಯಾವ ಸೀರೆ, ನಮ್ಮನ್ನು ಎಲ್ಲಿ ನೋಡಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ 500 ಸೀರೆಗಳವರೆಗೆ ಹಾಕಬಹುದು. ಒಂದೊಂದೇ ಪೀಸ್ ಇರುವ ಸರಕಾದ್ದರಿಂದ ಮಾರಿದ್ದನ್ನು ಅಂದೇ ತೆಗೆಯಿರಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಹಿಡಿಸುತ್ತಾರೆ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಅದಕ್ಕೆ ಪಾರ್ಸೆಲ್ಲಿನೊಳಗೆ 'ಈ ನಂಬರ್ ಸೇವ್ ಮಾಡಿಕೊಳ್ಳಿ' ಎಂಬ ಚೀಟಿ ಇಡಿ. ಖಾತೆ ತೆರೆದ ಸಿಮ್ ಮಾಲೀಕರ ಹೆಸರಿನಲ್ಲೇ ಇರಬೇಕು. ಪುಟ ನೋಡಿಕೊಳ್ಳುವ ಹುಡುಗನ ನಂಬರಿನಲ್ಲಿ ತೆರೆದರೆ, ಅವನು ಕೆಲಸ ಬಿಟ್ಟ ದಿನ ಪುಟವೂ ಅವನ ಜತೆ ಹೋಗುತ್ತದೆ.

ಹೆಸರು ಸ್ವಲ್ಪ ಬೆಳೆದ ಕೂಡಲೇ ನಕಲಿ ಖಾತೆ ಹುಟ್ಟುತ್ತದೆ. ನಿಮ್ಮದೇ ಫೋಟೊ ಹಾಕಿ, ಅರ್ಧ ಬೆಲೆ ಹೇಳಿ, ಮುಂಗಡ ಹಣ ಹಾಕಿಸಿಕೊಂಡು ಮಾಯವಾಗುತ್ತಾರೆ. ಬೈಗುಳ ಬರುವುದು ನಿಮಗೆ. ಅಂಗಡಿ ಹೆಸರಿನ ವಾಟರ್‌ಮಾರ್ಕ್ ಮೂಲೆಯಲ್ಲಿದ್ದರೆ ಕತ್ತರಿಸಿಬಿಡುತ್ತಾರೆ, ಸೆರಗಿನ ನಡುವೆ ತೆಳುವಾಗಿ ಹಾಕಿ. ಹಣ ಕಳಿಸುವಾಗ ಯುಪಿಐನಲ್ಲಿ ಯಾವ ಹೆಸರು ಕಾಣಬೇಕು ಎಂಬುದನ್ನು ಪೋಸ್ಟ್ ಮಾಡಿ ಪುಟದ ಮೇಲ್ಗಡೆ ಪಿನ್ ಮಾಡಿಡಿ. ಎರಡು ಹಂತದ ಭದ್ರತೆ ಆನ್ ಮಾಡಿ, ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. 'ಕಾಪಿರೈಟ್ ಉಲ್ಲಂಘನೆ, ಖಾತೆ ಬಂದ್ ಆಗುತ್ತದೆ' ಎಂದು ಮೆಸೇಜಿನಲ್ಲಿ ಬರುವ ಲಿಂಕ್ ಒತ್ತಬೇಡಿ. ಹಣ ಹಾಕಿದ್ದೇನೆಂದು ಸ್ಕ್ರೀನ್‌ಶಾಟ್ ಬಂದರೆ, ಬ್ಯಾಂಕ್ ಖಾತೆ ತೆರೆದು ನೋಡದೆ ಪಾರ್ಸೆಲ್ ಕಟ್ಟಬೇಡಿ. ಮೋಸ ಹೋದ ಗಿರಾಕಿ ಫೋನ್ ಮಾಡಿದರೆ ಸಿಟ್ಟಾಗದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಎಷ್ಟು ಬೇಗ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.