ಹಿಮ ಬಿದ್ದಮೇಲೆ ಆಲ್ಪ್ಸ್ ಬೆಟ್ಟದ ಹಸುಗಳು ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ಸ್ವಿಟ್ಜರ್ಲೆಂಡಿನ ವಿಡಿಯೋಗಳಲ್ಲಿ ಎತ್ತರದ ಬೆಟ್ಟದ ಮೇಲೆ ಗಂಟೆ ಕಟ್ಟಿದ ಹಸುಗಳು ಮೇಯುತ್ತಿರುತ್ತವೆ. ಚಳಿಗಾಲದಲ್ಲಿ ಅಲ್ಲೆಲ್ಲ ಆಳುದ್ದ ಹಿಮ ಬೀಳುತ್ತಂತೆ. ಆಗ ಅವನ್ನು ಏನು ಮಾಡುತ್ತಾರೆ? ನಮ್ಮನೇಲೂ ಹಸು ಇವೆ, ಅದಕ್ಕೇ ಕೇಳಿದೆ.
– ಮದ್ದೂರಿನ ಓದುಗರು

ಉತ್ತರ: ಚಳಿಗಾಲದಲ್ಲಿ ಆ ಹುಲ್ಲುಗಾವಲಲ್ಲಿ ಹಸು ಇರುವುದಿಲ್ಲ. ರೈತರ ಖಾಯಂ ಮನೆ, ಕೊಟ್ಟಿಗೆ ಎರಡೂ ಕೆಳಗೆ ಕಣಿವೆಯಲ್ಲಿರುತ್ತವೆ. ಮೇ ಕೊನೆಗೋ ಜೂನ್‌ನಲ್ಲೋ ಹಸು ಹೊಡೆದುಕೊಂಡು ಮೇಲೆ ಹೋಗುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಇಳಿದುಬಿಡುತ್ತಾರೆ. ಇಳಿಯುವ ದಿನ ಹಸುಗಳ ತಲೆಗೆ ಹೂವು ಕಟ್ಟಿ ಮೆರವಣಿಗೆ ಮಾಡುತ್ತಾರೆ, ಥೇಟ್ ನಮ್ಮ ಸಂಕ್ರಾಂತಿಯ ಹಾಗೆ.

ಮೇಲೆ ಹೋಗುವುದು ಬರೀ ಒಳ್ಳೇ ಹುಲ್ಲಿನ ಆಸೆಗಲ್ಲ. ಅದರ ಹಿಂದಿರುವುದು ಚಳಿಗಾಲದ ಲೆಕ್ಕ. ಹಸು ಬೆಟ್ಟದಲ್ಲಿದ್ದಷ್ಟು ದಿನ ಕಣಿವೆಯ ಹುಲ್ಲು ಉಳಿಯುತ್ತದೆ. ಅದನ್ನು ಕೊಯ್ದು, ಒಣಗಿಸಿ, ಕೊಟ್ಟಿಗೆಯ ಅಟ್ಟಕ್ಕೆ ತುಂಬುತ್ತಾರೆ. ಮುಂದಿನ ಆರೇಳು ತಿಂಗಳಿಗೆ ಅದೇ ಮುಖ್ಯ ಮೇವು. ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಲ್ಲೇ ಒಂದು ಕಟ್ಟಳೆ ಇತ್ತು: ಚಳಿಗಾಲದಲ್ಲಿ ಎಷ್ಟು ಹಸುವಿಗೆ ಮೇವು ಹಾಕಬಲ್ಲೆಯೋ ಅಷ್ಟನ್ನು ಮಾತ್ರ ಊರ ಬೆಟ್ಟಕ್ಕೆ ಬಿಡಬೇಕು. ಎಂಥ ಜಾಣ ಕಟ್ಟಳೆ ನೋಡಿ! ದುಡ್ಡಿದ್ದವನು ಬೇಸಿಗೆಯಲ್ಲಿ ಹೊರಗಿಂದ ಹಸು ತಂದು ಎಲ್ಲರ ಹುಲ್ಲು ಮೇಯಿಸುವ ಹಾಗಿರಲಿಲ್ಲ. ಅರ್ಥಶಾಸ್ತ್ರದಲ್ಲಿ 2009ರ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಈ ಹಳ್ಳಿಯ ಉದಾಹರಣೆಯನ್ನು ವಿವರವಾಗಿ ಬರೆದಿದ್ದಾರೆ.

ಈಗ ನಮ್ಮ ಕಡೆಯಂತೆ ಅಲ್ಲೂ ಸೈಲೇಜ್, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವು, ಬಂದಿದೆ. ಆದರೆ ಗ್ರೂಯೇರ್, ಎಮೆಂಟಾಲ್ ಚೀಸ್‌ಗೆ ಹಾಲು ಹಾಕುವವರು ಸೈಲೇಜ್ ಕೊಡುವಂತಿಲ್ಲ. ಅದರಲ್ಲಿರುವ ಕೆಲವು ಬ್ಯಾಕ್ಟೀರಿಯಾ ಹಾಲಿಗೆ ಸೇರಿದರೆ, ತಿಂಗಳುಗಟ್ಟಲೆ ಮಾಗಬೇಕಾದ ಚೀಸ್ ಉಬ್ಬಿ ಕೆಡುತ್ತದೆ.

ಕೊಟ್ಟಿಗೆಯಲ್ಲಿ ಹಸು ಚಳಿಗೆ ಸಾಯುವುದಿಲ್ವಾ ಅಂದರೆ, ಇಲ್ಲ. ಈ ತಳಿಗಳಿಗೆ ಚಳಿಗಿಂತ ಸೆಕೆಯದೇ ಕಷ್ಟ ಜಾಸ್ತಿ. ಏಪ್ರಿಲ್‌ನಲ್ಲಿ ಏದುಸಿರು ಬಿಡುವ ಎಚ್‌ಎಫ್ (ಯುರೋಪಿನ ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸುವನ್ನು ನೀವೇ ನೋಡಿರುತ್ತೀರಿ. ಹಾಗಂತ ಇಡೀ ಚಳಿಗಾಲ ಕಟ್ಟಿಹಾಕಿಯೇ ಇಡುವ ಹಾಗೂ ಇಲ್ಲ. ಕಟ್ಟಿ ಸಾಕುವ ಹಸುವನ್ನು ಆ ಕಾಲದಲ್ಲಿ ಕನಿಷ್ಠ 30 ದಿನವಾದರೂ ಹೊರಗೆ ಅಡ್ಡಾಡಲು ಬಿಡಬೇಕು ಎಂದು ಸ್ವಿಸ್ ಕಾನೂನಿದೆ.

ಕಾಲ ನೋಡಿ ಹುಲ್ಲುಗಾವಲು ಬದಲಿಸುವುದು ಮೈಸೂರು ಸೀಮೆಗೂ ಹೊಸದಲ್ಲ. ಅಮೃತಮಹಲ್ ದನಗಳ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಬೇರೆ ಬೇರೆ ಇಟ್ಟಿದ್ದರು.

ಇನ್ನು ಬೇಸಿಗೆಯಲ್ಲಿ ರೈತರು ತಂಗುವ ಬೆಟ್ಟದ ಮೇಲಿನ ಮನೆಗಳು. ಕೆಲವನ್ನು ಸ್ಕೀಯಿಂಗ್‌ಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಉಳಿದವಕ್ಕೆ ಬೀಗ. ಬೀಗ ಹಾಕುವ ಮುಂಚೆ ಪೈಪಿನ ನೀರನ್ನೆಲ್ಲ ಖಾಲಿ ಮಾಡುತ್ತಾರೆ, ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಬೇಲಿಯನ್ನೂ ಬಿಚ್ಚಿ ನೆಲಕ್ಕೆ ಮಲಗಿಸುತ್ತಾರೆ, ಜಾರುವ ಹಿಮದ ಭಾರಕ್ಕೆ ನಿಂತ ಬೇಲಿ ಮುರಿದುಹೋಗುತ್ತದೆ. ಹಿಮ ಕರಗಿದ ಮೇಲೆ ರೈತರು ಮೊದಲು ಹೋಗಿ ಬೇಲಿ ನಿಲ್ಲಿಸಿ ಬರುತ್ತಾರೆ, ಆಮೇಲೆ ಹಸು.